ಟಪಾಲು ನಂಬರು

ಜಗಳ ಶುರುವಾದದ್ದು ನಳದ ಬಗ್ಗೆ ಅಲ್ಲ.
ನಳ ಬೇಕೆಂಬುದರಲ್ಲಿ ಎಲ್ಲರದೂ ಒಂದೇ ಮಾತು:
ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಅರವತ್ತೆರಡು ಹೆಂಗಸರು,
ಬೆಳಗಿನ ಐದಕ್ಕೆ ಬಂದು ಕೂತವರು,
ಕೈ ತೊಳೆಯುವ ನೀರಿಗೆ ಕೊಡಕ್ಕೆ ಐದು ರೂಪಾಯಿ.
ಲೆಕ್ಕ ಬರೆದದ್ದು ನಾನೇ,
ಕೆಮಿಸ್ಟ್ರಿ ರೆಕಾರ್ಡಿನ ಕೊನೆಯ ಹಾಳೆಯಲ್ಲಿ.

ಜಗಳ ಶುರುವಾದದ್ದು
ಮನವಿಯ ನೆತ್ತಿಯ ಮೇಲೆ ಯಾರ ಹೆಸರು ಅಂತ.

ಕೋಡಿಬಾಗದ ಇಗರ್ಜಿಯ ಹಿಂದಿನ ಕೋಣೆ.
ಕೈತಾನ್ ಯುವಜನರ ಲೆಟರ್‌ಹೆಡ್ ತಂದಿದ್ದ,
ಬಂಗಾರದ ಬಣ್ಣದ ಶಿಲುಬೆ, ಅವನ ಮಾವ ಅಚ್ಚು ಹಾಕಿಸಿದ್ದು.
ಎಸ್ತೇರಳ ಸಭೆಯವರಿಗೆ ಆ ಬಂಗಾರ ಆಗಿಬರುವುದಿಲ್ಲ.
‘ಮೊದಲು ಮೊಣಕಾಲೂರೋಣ, ಆಮೇಲೆ ಪೆನ್ನು’ ಅಂದಳು.
ಜುಬೇದಾ ವಾಚು ನೋಡಿಕೊಂಡಳು.
ಹಳಿಯಾಳದ ಬಸ್ತ್ಯಾಂವ ಸಿದ್ದಿ ಎದ್ದು ನಿಂತು ನಕ್ಕ:
‘ನಮ್ಮ ಕೇರಿಯಲ್ಲಿ ಒಬ್ಬ ಇಗರ್ಜಿಗೆ ಹೋಗ್ತಾನೆ,
ಒಬ್ಬ ಮಸೀದಿಗೆ, ಒಬ್ಬ ಗುಡಿಗೆ.
ಫಾರೆಸ್ಟಿನವರು ಬೈಯುವಾಗ ಮಾತ್ರ
ಮೂವರಿಗೂ ಒಂದೇ ಹೆಸರು.’
‘ಅದು ಬೇರೆ’ ಅಂದ ಕೈತಾನ್.
‘ಹೌದು, ಬೇರೆ’ ಅಂದು ಕೂತ ಬಸ್ತ್ಯಾಂವ
ಆಮೇಲೆ ಬಾಯಿ ಬಿಡಲಿಲ್ಲ.

ನಾನು ಕಾರ್ಯದರ್ಶಿ.
‘ಚರ್ಚೆ ನಡೆಯಿತು’ ಎಂದು ಬರೆದುಕೊಂಡೆ.
ಕಿಟಕಿಯಾಚೆ ಕಾಳಿ ಹೊಳೆ
ಎಲ್ಲಿ ತಾನು ಮುಗಿಯಿತೆಂದು ಯಾರಿಗೂ ತಿಳಿಸದೆ
ಸಮುದ್ರವಾಗುತ್ತಿತ್ತು.
ನನಗೆ ಅದರ ಮೇಲೂ ಸಿಟ್ಟು ಬಂತು.

ಅಜ್ಜಿ ಹೇಳುತ್ತಿದ್ದಳು, ಪವಿತ್ರ ಗುರುವಾರ,
ಕಡುಬು ಕಟ್ಟುವ ಎಲೆ ಒರೆಸುತ್ತ:
ಹಿಡಿದೊಯ್ಯುವ ಹಿಂದಿನ ರಾತ್ರಿ ಅವನು
ಇವರೆಲ್ಲ ಒಂದಾಗಿರಲಿ ಅಂತ ಬೇಡಿಕೊಂಡ.
ಆಜ್ಞೆ ಅಲ್ಲ ಮಗಳೇ, ಬೇಡಿಕೆ.
ಊಟಕ್ಕೆ ಕೂತವರು ಹನ್ನೆರಡೇ ಜನ,
ಅಲ್ಲೂ ತಕರಾರು, ದೊಡ್ಡವ ಯಾರು ಅಂತ.
ಅವನೇ ಎದ್ದ. ಸೊಂಟಕ್ಕೆ ಬಟ್ಟೆ ಸುತ್ತಿಕೊಂಡ.
ನೀರು ತಂದ.

ಆ ನೀರು ಸೇದಿಟ್ಟವರು ಯಾರು,
ಕೊಡಕ್ಕೆ ಎಷ್ಟು ಕೊಟ್ಟರು,
ಯಾರೂ ಬರೆದಿಟ್ಟಿಲ್ಲ.

ಕೊನೆಗೆ ಬಿಳಿ ಹಾಳೆಯೇ ಆಯಿತು. ಒಮ್ಮತದಿಂದಲ್ಲ.
ಲೆಟರ್‌ಹೆಡ್ಡಿನ ಕಟ್ಟಿನ ಮೇಲೆ ಯಾರೋ ಚಾ ಚೆಲ್ಲಿದ್ದರು.
ಯಾರೆಂದು ಹೇಳಲಾರೆ;
ಕುಮ್ಸಾರಿನಲ್ಲಿ ಪಾದ್ರಿಗಳ ಕಿವಿಗೆ ಹಾಕಿ ಬಂದಿದ್ದೇನೆ.

ಬೆಳಿಗ್ಗೆ ಅರವತ್ತೆರಡು ಹೆಬ್ಬೆಟ್ಟು, ಸಹಿ.
ಅಕ್ಷರಗಳ ನಡುವೆ ಬಂಗಡೆಯ ಪೊರೆ ಅಂಟಿ ಹೊಳೆಯಿತು.
ಡಿ.ಸಿ. ಕಚೇರಿಯ ಟಪಾಲಿನವರು
ಎರಡು ಬೆರಳಲ್ಲಿ ಹಾಳೆ ಹಿಡಿದು ಕೇಳಿದರು:
‘ಯಾವ ಸಂಘಟನೆ?’

ಐದು ಬಾಯಿ ಒಟ್ಟಿಗೆ ತೆರೆದವು,
ಬುಟ್ಟಿಯ ಮೀನಿನಂತೆ, ಸದ್ದಿಲ್ಲದೆ.
ಹಿಂದಿನಿಂದ ಶೇವಂತಿ ತಾಂಡೇಲ,
ಬುಟ್ಟಿಯನ್ನು ಇನ್ನೂ ಸೊಂಟದಿಂದ ಇಳಿಸದವಳು:
‘ಬರ್ಕಳ್ರಿ, ನೀರಿನವ್ರು.’

ಅವರು ತಲೆ ಎತ್ತಲಿಲ್ಲ. ವಹಿಯಲ್ಲಿ ಬರೆದರು:
೧೧೪೭. ನೀರಿನವರು.
ದುಂಡು ಮುದ್ರೆ.

ಎಸ್ತೇರ್ ತುಟಿ ಅಲುಗಿಸಿದಳು,
ಪ್ರಾರ್ಥನೆಯೋ ನಗುವೋ ತಿಳಿಯಲಿಲ್ಲ.

ಮೂರು ತಿಂಗಳಾಯಿತು. ನಳ ಬಂದಿದೆ,
ಹೊಸ ಹಿತ್ತಾಳೆಯ ಮೂತಿ. ನೀರು ಬಂದಿಲ್ಲ.
ಬಸ್ತ್ಯಾಂವ ಕೈತಾನನ ಫೋನು ಎತ್ತುವುದಿಲ್ಲ.
ಎಸ್ತೇರ್ ಈಗಲೂ ಇಗರ್ಜಿಯ ಮೆಟ್ಟಿಲು ಹತ್ತುವುದಿಲ್ಲ,
ಮೀಟಿಂಗಿದ್ದ ದಿನ ಹೊರಗೆ
ಗಾಳಿಮರದ ಕೆಳಗೆ ನಿಂತಿರುತ್ತಾಳೆ,
ನಾವು ಬೆಂಚುಗಳನ್ನು ಅಲ್ಲಿಗೇ ಹೊರುತ್ತೇವೆ.

ಭಾನುವಾರ ಪೂಜೆಯಲ್ಲಿ
ಪಕ್ಕದವರಿಗೆ ಸಮಾಧಾನ ಹೇಳುವಾಗ ಅಂದುಕೊಂಡೆ:
ಆ ರಾತ್ರಿಯ ಬೇಡಿಕೆಯೂ ಇನ್ನೂ ವಿಲೇವಾರಿಯಾಗಿಲ್ಲ.
ಎರಡು ಸಾವಿರ ವರ್ಷ.
ನಂಬರು ಸಿಕ್ಕಿದ್ದರೆ ಹೋಗಿ ವಿಚಾರಿಸಬಹುದಿತ್ತು.

ನಮ್ಮದಕ್ಕೆ ನಂಬರಿದೆ.
ನಾಳೆ ಮತ್ತೆ ಹೊರಟಿದ್ದೇವೆ, ಹತ್ತೂವರೆಗೆ.
ನಮಗೆ ಮೂವರಿಗೆ ಬಸ್ಸು ಪುಕ್ಕಟೆ;
ಕೈತಾನನ ಟಿಕೆಟ್ಟಿಗೆ
ಜುಬೇದಾ ಚಿಲ್ಲರೆ ತೆಗೆದಿಟ್ಟಿದ್ದಾಳಂತೆ.