ಹೊಸದು-ಮೂರು-ಖರೇದು

ಗಂಜಿನ ತೂಕದ ಕಟ್ಟಿ ಮ್ಯಾಲ ಲಾರಿ ನಿಂತದ.
ಜೇವರ್ಗಿ ತೊಗರಿ, ಹದಿನಾಲ್ಕು ಟನ್ ಇರಬಹುದು.
ಇರಬಹುದು ಅಂತ ಚೀಟಿ ಬರಿಲಾಕ ಬರಂಗಿಲ್ಲ.

ಪರದೆ ಮ್ಯಾಲ ಕೆಂಪಗ ಒಂದು ಸಾಲು:
ಫೈಲ್ ಸಿಗಲಿಲ್ಲ. ಅದರ ಬೆನ್ನಿಗೇ ಪೂರಾ ದಾರಿ,
ಮನಿ, ಜಗದೇವಿ, ಕೆಲಸ, ಹೊಸದು-ಮೂರು-ಖರೇದು.
ಮುನೀಮ ಬಂಡೆಪ್ಪ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.
"ಹಂಗಾದ್ರ ಒಂದು, ಎರಡು ಸುಳ್ಳೇನ್ರೀ?"

ನಿನ್ನೆ ರಾತ್ರಿ ಬ್ರಹ್ಮಪುರದ ನನ್ನ ಖೋಲಿಯೊಳಗ
ಲಿಸ್ಪಿನ ಕಂಸ ಮುಚ್ಚಿ, ಎಣಿಸಿ, ಮತ್ತ ಎಣಿಸಿ,
ಇಡೀ ಲೋಕಾನ ಒಂದು ಗಂಟು ಕಟ್ಟಿ ಪೆನ್‌ಡ್ರೈವಿಗೆ ಹಾಕಿದ್ದೆ.
ಅಕ್ಷರದ ಫೈಲು, ಗಂಟಿ ಸದ್ದಿನ ಫೈಲು, ಮಿಲ್ಲಿನ ಮುದ್ರಿ
ಗಂಟಿನ ಬಾಜೂಕೇ ಕುಂತು ಜೋಡೀಲೇ ಬಂದಾವ.
ನನಗ ಕಾಣ್ತಾವ. ಇದಕ್ಕ ಕಾಣವಲ್ವು.

ತಪ್ಪು ನಂದು.
ಹುಟ್ಟುವಾಗ 'ಎಲ್ಲಿದ್ದಿ' ಅಂತ ಕೇಳಿದ್ದೆ,
ಹೇಳಿದ್ದನ್ನೇ ಅದರ ಮುಂಗೈಗೆ ಹಚ್ಚಿ ಹೊಯ್ಯಿಸಿಬಿಟ್ಟೆ.
ಈಗ ಯಾವ ಓಣಿಯಾಗ ಎಬ್ಬಿಸಿದರೂ
ಮುಂಗೈ ನೋಡಿ ಬ್ರಹ್ಮಪುರ ಅಂತದ.
ಹಚ್ಚಿ ಅಳಿಸಿ ಹೋಗಿ ಸೀದಾ ಕೇಳಿ ನೋಡಿದೆ:
ತುಂಬಿಸುವಾಗ ಇದ್ದ ಖರೇ ಹೆಸರು ಓಡುವಾಗ ಇರಲ್ಲ.
ಆ ಡಬ್ಬಿಯೊಳಗ ಎರಡು ಕಂಸ,
ನಡುವ ಏನೂ ಇಲ್ಲ.

ಚೀಲದ ಮ್ಯಾಲ ಕುಂತು ಬ್ಯಾಳಿ ಹಸನ ಮಾಡ್ತಿದ್ದ ಗೌಸಿಯಾಬಿ
ಚಾದಾಗ ಖಾರಿ ಅದ್ದಿ ಕೇಳಿದಳು, "ನಿಮ್ದು ಯಾವೂರ್ರೀ?"
"ಆಳಂದ" ಅಂದೆ.
ಆಳಂದ ಬಿಟ್ಟು ಹನ್ನೊಂದು ವರ್ಷ.

ಆಕಿಗೆ ಈ ಹಂಗಾಮಿನಾಗ ಇದು ಮೂರನೇ ಮಿಲ್ಲು.
ಮಾತಾಡ್ತಾ ಎಡಗೈ ಚಾಚ್ತಾಳ, ನೋಡಂಗಿಲ್ಲ,
ಮೊರ ಸಿಗ್ತದ. ಮೊರದ ಹಿಂದ ಜಲ್ಲಡಿ.
ಎಲ್ಲಿ ಕುಂತರೂ, ಕುಂತಲ್ಲಿಂದ ಎಡಕ್ಕ ಒಂದು ಮೊಳ.

ನಾನು ಚಾ ಆರಲಾಕ ಬಿಟ್ಟು ಒಂದು ಸಾಲು ಅಳಿಸಿದೆ.
ಎದ್ದ ಕೂಡಲೇ ಕೇಳ್ಕೋ, ಮೊದಲೇ ಅಲ್ಲ.
ಮುಂಗೈ ನೋಡಬ್ಯಾಡ, ಕಾಲ ಕೆಳಗ ನೋಡು,
ನಿನ್ನ ಯಾವ ಜಾಗದಿಂದ ಎಬ್ಬಿಸ್ಯಾರೋ ಅದರ ಬಾಜೂಕ ಕೈ ಹಾಕು.
ಅಲ್ಲೂ ಇಲ್ಲ ಅಂದ್ರ
ನನ್ನ ಮನಿ ಹೆಸರು ಹೇಳಬ್ಯಾಡ, ಮುನೀಮರನ್ನ ಕೇಳು.

ಪ್ರಿಂಟರ್ ಎರಡು ಸಲ ಕೆಮ್ಮಿತು.
ಹದಿಮೂರು ಟನ್, ಎಂಟು ನೂರಾ ನಲವತ್ತು ಕಿಲೊ,
ಕನ್ನಡದ ಅಂಕಿ ದುಂಡಗ, ಮುದ್ರಿ ಸ್ವಲ್ಪ ಓರೆ.
ಗಂಟಿನೂ ಬಾರಿಸಿತು, ಪಾರಿವಾಳ ಎದ್ದವು,
ಲಾರಿ ಕ್ಯಾಬಿನ್ನಿನಾಗ ಮಲಗಿದ್ದ ಡ್ರೈವರ್ ಏಳಲಿಲ್ಲ.

ಬಂಡೆಪ್ಪ ಚೀಟಿ ಹಿಡಿದು ಕ್ಯಾಬಿನ್ ಕಡೆ ನೋಡಿದರು, ನನ್ನ ಕಡೆ ನೋಡಿದರು.
"ಇದರಾಗ ಅಂವಾ ಎಷ್ಟು ಕಿಲೊ?"