ಐಸಿನ ಪೆಟ್ಟಿಗೆ

ಬೈತಖೋಲದ ಏರಿನಲ್ಲಿ ಕೊನೆಯ ಮನೆ.
ಮೀಟರು ಬಾಗಿಲ ನೆತ್ತಿಯಲ್ಲಿ, ಗುಬ್ಬಿಗೂಡಿನ ಪಕ್ಕ.
ಕುತ್ತಿಗೆ ಎತ್ತಿ ಓದಿದೆ. ಕನ್ನಡಕ ಒರೆಸಿ ಮತ್ತೆ ಓದಿದೆ.
ತಿಂಗಳಿಗೆ ಹತ್ತೊಂಬತ್ತು ಯೂನಿಟ್.
ಐದು ಜನ, ಒಂದು ಫ್ರಿಜ್ಜು, ಎರಡು ಫ್ಯಾನು
ಎಂದು ಕಳೆದ ಸಲ ನಾನೇ ಗುರುತು ಹಾಕಿಕೊಂಡ ಮನೆ.

ಹದಿನಾಲ್ಕು ವರ್ಷ ಮೀಟರು ಓದಿದವನಿಗೆ
ಸಣ್ಣ ಅಂಕಿ ಕಂಡರೆ ಮೊದಲು ಬರುವುದು ಸಂಶಯ.
ಕಂಬದಿಂದ ಗೋಡೆಗೆ, ಗೋಡೆಯಿಂದ ಮಾಡಿಗೆ
ತಂತಿಯ ಗುಂಟ ಕಣ್ಣು ಹರಿಸಿದೆ,
ಎಲ್ಲಾದರೂ ಕೊಕ್ಕೆ ಬಿದ್ದಿದೆಯೇ ಎಂದು.

‘ಹುಡ್ಕು ತಮಾ, ಹುಡ್ಕು,’ ಎಂದಳು ನಾಗವೇಣಿ ಹರಿಕಂತ್ರ
ಹೊಸಿಲಲ್ಲಿ ಕೂತು ಒಣಸೆಟ್ಲಿಯ ತಲೆ ಮುರಿಯುತ್ತ,
‘ಸಿಕ್ರೆ ನಂಗೂ ತೋರ್ಸು.’

ಒಳಗೆ ಕರೆದಳು. ಫ್ರಿಜ್ಜಿನ ಬಾಗಿಲು ತೆರೆದಳು.
ದೀಪ ಹತ್ತಲಿಲ್ಲ.
ಮೊಟ್ಟೆಯ ಗುಳಿಗಳಲ್ಲಿ ಬೆಂಕಿಪೊಟ್ಟಣ,
ತಟ್ಟೆಗಳ ಮೇಲೆ ಹಪ್ಪಳದ ಡಬ್ಬ, ರೇಶನ್ ಕಾರ್ಡು,
ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮಳೆಗಾಲದ ಥಂಡಿ ತಾಗದ ಹಾಗೆ.
‘ಜೂನ್ ಒಂದಕ್ಕೆ ಬೋಟು ದಡಕ್ಕೆ, ಇದೂ ದಡಕ್ಕೆ.
ಮೀನೇ ಇಲ್ದಾಗ ಯಾರ್ನ ತಂಪು ಮಾಡೂಕೆ?’

ಎರಡು ಕೋಣೆಗೆ ನಡುಬಾಗಿಲಲ್ಲಿ ಒಂದೇ ಬಲ್ಬು.
ಶನಿವಾರಕ್ಕೊಮ್ಮೆ ಅದಕ್ಕೆ ಸ್ನಾನವಂತೆ:
ಸಮುದ್ರದ ಗಾಳಿ, ಗಾಜಿಗೆ ಉಪ್ಪು ಹಿಡಿಯುತ್ತದೆ,
ಕೊಳೆಗೂ ನಾವೇ ಬಿಲ್ಲು ಕಟ್ಟಬೇಕು.

ನಾನು ಮನಸ್ಸಿನಲ್ಲೇ ಕೂಡಿಸಿ ಕಳೆದೆ. ಲೆಕ್ಕ ಸರಿಯಾಯಿತು.
ಹೊರಡಬಹುದಿತ್ತು.
ಆದರೆ ಒಲೆ ಆರಿತ್ತು, ಅನ್ನದ ವಾಸನೆ ಇತ್ತು.

ಮೂಲೆಯಲ್ಲಿ ಥರ್ಮೊಕೋಲಿನ ಪೆಟ್ಟಿಗೆ,
ಬಂದರಿನಲ್ಲಿ ಬಂಗಡೆಗೆ ಐಸು ತುಂಬುವಂಥದು,
ಒಂದು ಮೂಲೆ ಮುಕ್ಕಾಗಿ ಯಾರೋ ಎಸೆದದ್ದು.
‘ಕುಚ್ಚಲಕ್ಕಿ ಹತ್ತು ನಿಮಿಷ ಕುದ್ಸಿ, ಮುಚ್ಚಳ ಬಿಗ್ದು,
ಹಳೇ ಸೀರೆ ಸುತ್ತಿ ಇದ್ರಲ್ಲಿ ಇಡೂದು.
ಎರಡು ತಾಸು ಮುಟ್ಟೂಕಿಲ್ಲ.
ಉಳಿದದ್ದು ಅದೇ ಬೇಯಿಸ್ಕಂತದೆ.’
ಮೂವತ್ತೆರಡು ದಿನಕ್ಕೆ ಮುಗಿಯುತ್ತಿದ್ದ ಸಿಲಿಂಡರು
ಈಗ ಐವತ್ತಕ್ಕೂ ಅಲುಗಾಡಿಸಿದರೆ ಸದ್ದು ಮಾಡುತ್ತದೆ.

‘ಐಸಿನ ಪೆಟ್ಟಿಗೆಯಲ್ಲಿ ಬಿಸಿ ಹೇಗಮ್ಮ?’
ಅವಳು ಸೆಟ್ಲಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು,
ಶಾಲೆಗೆ ಹೋಗಿದ್ದೀಯೋ ಇಲ್ಲವೋ ಎಂಬಂತೆ.
‘ಅದ್ಕೆ ಬಿಸಿ ತಂಪು ಎಂತದೂ ಗೊತ್ತಿಲ್ಲ ತಮಾ.
ಕೊಟ್ಟದ್ದನ್ನ ಬಿಡೂದಿಲ್ಲ, ಅಷ್ಟೇ.’

ಕದ್ರಾದಲ್ಲಿ ನೀರು, ಕೈಗಾದಲ್ಲಿ ಕಾವು,
ದಪ್ಪ ತಂತಿಗಳು ನಮ್ಮ ಗುಡ್ಡ ದಾಟಿ ಎಲ್ಲಿಗೋ ಹೋಗುತ್ತವೆ.
ನಾನು ಕೆಳಗೆ ನಿಂತು ಸಣ್ಣ ಅಂಕಿಗಳನ್ನು ಬರೆದುಕೊಳ್ಳುತ್ತೇನೆ.
ದಿನಕ್ಕೆ ನೂರಿಪ್ಪತ್ತು ಮನೆ.
ನನ್ನ ಮನೆಯ ಮೀಟರು ಬೇರೆಯವನ ಪಾಳಿ,
ಅದರ ಮುಖವನ್ನೇ ನಾನು ಸರಿಯಾಗಿ ಕಂಡಿರಲಿಲ್ಲ.

ಅವತ್ತು ಸಂಜೆ ಹಬ್ಬುವಾಡಕ್ಕೆ ಬಂದವನು
ಚಪ್ಪಲಿ ಬಿಡದೆ ಅದರ ಎದುರು ನಿಂತೆ.
ಕೆಂಪು ಚುಕ್ಕೆ ಮಿಟುಕಿತು, ಮಿಟುಕಿತು, ಮಿಟುಕಿತು.
ಒಳಗೆ ಯಾರೂ ಇಲ್ಲದ ಕೋಣೆಗೆ ಫ್ಯಾನು ಗಾಳಿ ಹಾಕುತ್ತಿತ್ತು,
ಬೆಳಿಗ್ಗೆ ಮಿಂದು ಹೋದವರಿಗೆ ಗೀಜರು ಇನ್ನೂ ನೀರು ಕಾಯಿಸುತ್ತಿತ್ತು.
ಯಾರ ಮೇಲೆ ಸಂಶಯ ಪಡಲಿ?

ಮರುದಿನ ಮೀನುಪೇಟೆಯಿಂದ ಪೆಟ್ಟಿಗೆ ಹೊತ್ತು ತಂದೆ, ಇಪ್ಪತ್ತು ರೂಪಾಯಿ.
ಮೂರು ಸಲ ತೊಳೆದರೂ ಬಂಗಡೆ ಬಿಟ್ಟು ಹೋಗಲಿಲ್ಲ.
ಸುಗಂಧಾ ಮೂಗು ಮುಚ್ಚಿ, ತನ್ನ ಹಳೇ ಸೀರೆಯನ್ನೇ ಕೊಟ್ಟಳು.
ಒಲೆ ಆರಿಸಿದೆವು. ಪಾತ್ರೆ ಸುತ್ತಿದೆವು. ಮುಚ್ಚಿದೆವು.

ಅರ್ಧ ತಾಸಿಗೇ ನನ್ನ ಕೈ ಮುಚ್ಚಳಕ್ಕೆ ಹೋಯಿತು.
‘ಓದಬೇಡಿ,’ ಎಂದಳು ಅವಳು, ‘ಅದು ಮೀಟರಲ್ಲ.’