ಬಾರು

ಅಪ್ಪನ ಪರೆಗೆ ಬಿಗಿದದ್ದು ತೊಗಲಿನ ಬಾರು.
ನನ್ನ ಪಾಲಿಗೆ ಬಂದದ್ದು ಕಾಗದದ ಬಾರು:
ಐದು ಗೆರೆಗೆ ಅಡ್ಡ ನೆಟ್ಟ ಗೂಟ,
ಗೂಟದಿಂದ ಗೂಟಕ್ಕೆ ನಾಲ್ಕು ಎಣಿಕೆ.

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ
ಈಗ ಪಾಠ ಹೇಳುತ್ತೇನೆ, ಬುಧವಾರ ಬಿಟ್ಟು.
ಸಂತೆಯ ದಿನ ಯಾರ ಕಿವಿಯೂ ಯಾರದ್ದಲ್ಲ.

ಹದಿನೇಳಕ್ಕೆ ಪಟಾಲಮು ಸೇರಿದೆ. ಎದೆ ಅಳೆದವರು
ಬಂದೂಕು ಕೊಡಲಿಲ್ಲ, ತುಟಿ ನೋಡಿದರು.
"ಬ್ಯಾಂಡಿಗೆ ಹಾಕಿ" ಅಂದ ಹವಾಲ್ದಾರ.
ಪಚ್‌ಮಢಿಯ ಚಳಿಗೆ ಬೆಳ್ಳಿಯ ಕೊಳಲು
ಸ್ವರದಿಂದ ಎಳೆಯಷ್ಟು ಕೆಳಗಿಳಿಯುತ್ತಿತ್ತು;
ಕಂಕುಳಲ್ಲಿಟ್ಟು ಕಾವು ಕೊಡುತ್ತಿದ್ದೆ, ಕೋಳಿಮರಿಗೆ ಕೊಟ್ಟಂತೆ.
ಹದಿನೈದು ವರ್ಷ ಪೆರೇಡು. ಆಮೇಲೆ ಮುಂಬಯಿ,
ಆರ್ಕೆಸ್ಟ್ರಾದಲ್ಲಿ ಇಪ್ಪತ್ತಾರು ವರ್ಷ, ಒಂದೇ ಕುರ್ಚಿ:
ಎರಡನೇ ಕೊಳಲು.

ಎರಡನೆಯವನೆಂದರೆ ಏನು ಗೊತ್ತೇ?
ಮೊದಲನೆಯವರು, ಪೆರಿನ್ ಬಾಯಿ,
ಉಸಿರು ತೆಗೆದುಕೊಳ್ಳುವಲ್ಲಿ ನಾನು ತೆಗೆದುಕೊಳ್ಳಬಾರದು.
ಅವರ ಸ್ವರ ಬಾಗಿದರೆ ನನ್ನದೂ ಬಾಗಬೇಕು,
ತಪ್ಪಾದರೆ ಜೊತೆಗೇ ತಪ್ಪಾಗಬೇಕು.
ಚಪ್ಪಾಳೆಗೆ ಅವರು ಏಳುತ್ತಾರೆ,
ನಾನು ಅವರ ಹಾಳೆ ಹಾರದಂತೆ ಹಿಡಿಯುತ್ತೇನೆ.
ಉಳಿದದ್ದೆಲ್ಲ ಎಣಿಕೆ. ಎಂಬತ್ತೊಂದು ಬಾರು ಮೌನ,
ತೊಡೆಯ ಮೇಲೆ ಬೆರಳು ಮಡಿಸುತ್ತಾ,
ಎಂಬತ್ತೆರಡಕ್ಕೆ ಮೂರು ಸ್ವರ. ಮತ್ತೆ ಮೌನ.

ಅಪ್ಪ ಒಂದೇ ಸಲ ಬಂದಿದ್ದ. ಬಿಳಿ ಪಂಚೆ, ಯಾರದೋ ಕೋಟು,
ಪುಕ್ಕಟೆ ಪಾಸಿನ ಮೂರನೇ ಸಾಲು.
ಕಣ್ಣು ಕೀಳದೆ ನನ್ನನ್ನೇ ನೋಡಿದ.
ಮುಗಿದ ಮೇಲೆ ಚರ್ಚ್‌ಗೇಟಿನ ಹೊರಗೆ ಚಾ ಊದುತ್ತಾ ಕೇಳಿದ:
"ಸುಮ್ಮನೆ ಕೂತಿದ್ದೆಯಲ್ಲ, ಯಾರೊಡನಾದರೂ ಜಗಳವೋ?"
"ಇಲ್ಲಪ್ಪ, ಎಣಿಸುತ್ತಿದ್ದೆ."
"ಅದಕ್ಕೂ ಸಂಬಳವೇ?"
"ಅದಕ್ಕೇ ಹೆಚ್ಚು."
ನಕ್ಕ, ಚಾ ನೆತ್ತಿಗೇರುವಷ್ಟು.

ಮದುವೆಮನೆಗಳ ಅಂಗಳದ ತುದಿಯಲ್ಲಿ
ಬೆಳಗಿನಿಂದ ನಡುರಾತ್ರಿಯವರೆಗೆ ಬಡಿದವನು,
ಅಂಗೈ ಒಡೆದರೆ ಎಣ್ಣೆ ಸವರಿ ಮತ್ತೆ ಬಡಿದವನು.
ಕುಪ್ಯಚೇಲೆಯವರು ಕುಣಿಯುವಷ್ಟು ಹೊತ್ತೂ
ಕೈ ನಿಂತರೆ ಬೈಗುಳ.
ಬಿಡುವನ್ನು ಬರೆದೂ ಕೊಡುತ್ತಾರೆಂಬುದು
ಅವನಿಗೆ ಆ ರಾತ್ರಿಯೇ ತಿಳಿದದ್ದು.
ಊರಿಗೆ ಮರಳಿ ಕಂಡವರಿಗೆಲ್ಲ ಹೇಳಿದನಂತೆ:
ಸುಮ್ಮನಿರುವುದರಲ್ಲಿ ನನ್ನ ಮಗ
ಮುಂಬಯಿಗೇ ಹೆಸರುವಾಸಿ.

ಸಂಜೆ ಐದಕ್ಕೆ ಪೊನ್ನಂಪೇಟೆಯ ಬಸ್ಸಿಳಿದು ಬರುತ್ತಾಳೆ
ಸುಹರಾ, ಒಂಬತ್ತನೇ ತರಗತಿ.
ಬೆರಳು ಚುರುಕು. ಬಿಡುವಿನ ಬಾರು ಬಂತೋ ಹಾರಿಸಿಬಿಡುತ್ತಾಳೆ:
"ಇಲ್ಲಿ ಏನೂ ಇಲ್ಲವಲ್ಲ ಸಾರ್."

ಅಪ್ಪನ ಪರೆ ಮೊಳೆಗೆ ತೂಗಿದೆ, ಬಾರು ಸಡಿಲಿದೆ,
ತಟ್ಟಿದರೆ ಒದ್ದೆ ರಟ್ಟಿನ ಸದ್ದು.
ಮೊನ್ನೆ ಇಳಿಸಿ, ಎಳೆದು ಬಿಗಿದು, ತೊಡೆಯ ಮೇಲಿಟ್ಟುಕೊಂಡೆ.
ಅವಳು ನಿಲ್ಲಬೇಕಾದಲ್ಲಿ ನಾನು ಬಡಿದೆ, ತಪ್ಪುತಪ್ಪಾಗಿ.
ಅಪ್ಪ ಕಲಿಸಿರಲಿಲ್ಲ; ನಾನೂ ಕೇಳಿರಲಿಲ್ಲ.
ಕೆಳಗಿನಿಂದ ಗೊಬ್ಬರದಂಗಡಿಯವ ಕೂಗಿದ:
"ಮದುವೆ ಯಾರದು ಮಾಸ್ಟ್ರೇ?"
ಸುಹರಾ ನಗುತ್ತಲೇ ಉಸಿರೆಳೆದು ಕೊಳಲೆತ್ತಿದಳು,
ಒಂದು ಬಾರು ಮುಂಚೆಯೋ, ಎರಡೋ,
ನಾನು ಎಣಿಸಿರಲಿಲ್ಲ.